ಟೈಲರಮ್ಮನ ಮನೆಗೆ ಬಂದ ತಂಗಿ

ಹಲ್ಲುಜ್ಜುವ ಎರಡನೆಯ ಬ್ರಷ್ಷನ್ನು ಎಲ್ಲಿ ಅಡಗಿಸಬೇಕೆಂಬುದು ಆ ಬೆಳಿಗ್ಗೆ ಆ ಮನೆಯ ಮುಂದಿದ್ದ ಅತ್ಯಂತ ಗಹನವಾದ ಪ್ರಶ್ನೆಯಾಗಿತ್ತು. ಟೈಲರಮ್ಮನ ಸಾವಿನ ವಿಷಯ ನಿನ್ನೆಯೇ ಇತ್ಯರ್ಥವಾಗಿತ್ತು, ಬ್ರಷ್ಷಿನದು ಬಾಕಿಯಿತ್ತು. ಅವಳ ತಂಗಿ ಅದನ್ನು ಹಿಟ್ಟಿನ ಡಬ್ಬಿಗೆ ತುರುಕಿದಳು, ಮತ್ತೆ ಹೊರಗೆ ತೆಗೆದಳು.

"ಕೊಡಿಲ್ಲಿ," ಎಂದು ಕೆಳಮನೆಯಾಕೆ ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. "ಮಂಡಳಿ ಮೇಲ್ವಿಚಾರಕ ಮೆಟ್ಟಿಲು ಹತ್ತುತಾ ಇದಾನೆ. ನೆನಪಿರಲಿ, ನೀನು ನೆಂಟರವಳು. ಬೆಳಿಗ್ಗೆ ಬಸ್ಸಿಳಿದು ಬಂದಿದೀಯ. ನೀರು ಕುಡಿಯೋಕೂ ಲೋಟ ಎಲ್ಲಿದೆ ಅಂತ ನನ್ನ ಕೇಳು."

"ಅಳಬಹುದಾ?"

"ಅಳು. ಆದ್ರೆ ನೆಂಟರ ಥರ ಅಳು."

* * *

ಆರು ವರ್ಷದ ಕೆಳಗೆ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ, ಬಾಡಿಗೆ ಕೊಡಲಾಗದೆ ತಂಗಿ ಬೀದಿಗೆ ಬಿದ್ದಾಗ ಟೈಲರಮ್ಮ ಕರೆದಿದ್ದಳು: "ಬಾರೇ, ಒಂದೇ ಮಂಚ ಇಬ್ಬರಿಗೂ ಸಾಕು. ನಾವಿನ್ನೂ ಅಷ್ಟೇನೂ ಊದಿಲ್ಲ."

ಅದು ಗೃಹಮಂಡಳಿಯ ರಿಯಾಯಿತಿ ಬಾಡಿಗೆಯ ಮನೆ, ಒಬ್ಬರಿಗೆ ಮಾತ್ರ. ಕದ್ದುಮುಚ್ಚಿ ಉಳಿದುಕೊಂಡವರು ಸಿಕ್ಕಿಬಿದ್ದರೆ ಇಂಥ ಮನೆಗಾಗಿ ಕಾಯುವವರ ಸರದಿಯಿಂದಲೇ ಅವರ ಹೆಸರು ಹೋಗುತ್ತದೆ. ತಂಗಿಯ ಹೆಸರು ಆ ಸರದಿಯಲ್ಲಿತ್ತು. ಈ ವರ್ಷ ಮನೆ ಬಂದೀತು ಎಂದು ಕಚೇರಿಯವರೇ ಹೇಳಿದ್ದರು. ಅದು ತಪ್ಪಿದರೆ ಅವಳಿಗೆ ಕಾಲು ಚಾಚಲು ಬೇರೆ ಜಾಗವಿರಲಿಲ್ಲ.

ಈ ಕಟ್ಟಡ ಎದ್ದಾಗ ಎದುರು ಸಾಲಿನ ಸ್ವಂತ ಮನೆಯವರು, ಬೀದಿ ಕೆಡುತ್ತದೆ, ಮನೆಗಳ ಬೆಲೆ ಬೀಳುತ್ತದೆ ಎಂದು ಮನವಿ ಕೊಟ್ಟಿದ್ದರು. ಮೊದಲ ಸಹಿ ಒಬ್ಬ ನಿವೃತ್ತ ಮ್ಯಾನೇಜರರದು. ಬೀದಿ ಕೆಡಲಿಲ್ಲ, ಬೆಲೆ ಬೀಳಲಿಲ್ಲ. ಮ್ಯಾನೇಜರರ ಹೊಟ್ಟೆ ಮಾತ್ರ ಬೆಳೆಯಿತು. ಅವರ ಪ್ಯಾಂಟುಗಳ ಸೊಂಟ ಬಿಚ್ಚಿ ಅಗಲ ಮಾಡುತ್ತ ಬಂದವಳು ಟೈಲರಮ್ಮ. "ಸಹಿ ಹಾಕಿದ ಕೈ ನೋಡ್ಬೇಡ ಕಣೇ, ಅಳತೆ ತಪ್ಪತ್ತೆ," ಎನ್ನುತ್ತಿದ್ದಳು.

* * *

ಶವವಾಹನದ ಇಬ್ಬರು ಮಲಗುವ ಕೋಣೆಯೊಳಗೆ ಹೋದರು. ಗಾಳಿಗೆ ಬಾಗಿಲು ಧಡ್ಡೆಂದು ಮುಚ್ಚಿಕೊಂಡಿತು. ಹೊರಗಿನವರು ತಳ್ಳಿದರು, ಒಳಗಿನವರು ಎಳೆದರು. ಬಾಗಿಲು ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಒಡೆದುಹಾಕ್ರಿ," ಎಂದರು ಹೂವು ಹಿಡಿದು ಬಂದಿದ್ದ ಮ್ಯಾನೇಜರರು.

"ಒಡೆಯೋ ಹಾಗಿಲ್ಲ ಸಾರ್, ಮಂಡಳಿ ಆಸ್ತಿ," ಎಂದ ಮೇಲ್ವಿಚಾರಕ. "ಬಡಗಿಗೆ ಹೇಳ್ತೀನಿ. ನಾಳೆ ಬರ್ತಾನೆ."

"ನಾಳೆ ತನಕ ನಾವಿಲ್ಲಿ ಏನು ಮಾಡೋಣ ಸ್ವಾಮಿ?" ಒಳಗಿನಿಂದ ಕೂಗು ಬಂತು. "ಕಿಟಕಿ ದೊಡ್ಡದಿದೆ. ಹಗ್ಗ ಕೊಡಿ, ಹೆಣಾನ ಹಂಗೇ ಇಳಿಸ್ತೀವಿ. ಎರಡನೇ ಮಹಡಿ ತಾನೆ? ಬೀರು ಇಳಿಸಿಲ್ವಾ?"

ಹಗ್ಗ ತರಲು ಯಾರೋ ಓಡಿದರು. ತಂಗಿ ಎರಡೂ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ಗೋಡೆಗೊರಗಿ ನಿಂತಿದ್ದಳು. ಕೆಳಮನೆಯಾಕೆ ಅವಳ ಕಾಲು ತುಳಿದಳು. ಒಳಗೆ ಕಿಟಕಿ ತೆರೆದ ಸದ್ದಾಯಿತು. ಮಂಚ ಎಳೆದ ಸದ್ದಾಯಿತು.

"ಅಕ್ಕಾ," ಎಂದಳು ತಂಗಿ. ಮುಂದೆ ಬಂದು, ಬಾಗಿಲ ಹಿಡಿಯನ್ನು ಮೇಲಕ್ಕೆತ್ತಿ, ಕೆಳಮೂಲೆಗೆ ಮೊಣಕಾಲು ಕೊಟ್ಟು, ಭುಜದಿಂದ ಮೆಲ್ಲಗೆ ಒತ್ತಿದಳು. ಬಾಗಿಲು ಗೊಣಗದೆ ತೆರೆದುಕೊಂಡಿತು.

ಮೇಲ್ವಿಚಾರಕ ಅವಳ ಮೊಣಕಾಲನ್ನೇ ನೋಡಿದ.

"ಹೊಸಬರ ಕೈಗುಣ," ಎಂದಳು ಕೆಳಮನೆಯಾಕೆ.

ಅವನು ತಲೆಯಾಡಿಸಿದ. ನಂಬಲು ಅವನಿಗೂ ಮನಸ್ಸಿದ್ದಂತಿತ್ತು.

"ಹೊಸಬರಾ! ಎಂಥ ಮಾತಮ್ಮ!" ಮ್ಯಾನೇಜರರು ಹೂವು ಹಿಡಿದೇ ಮುಂದೆ ಬಂದರು. ಈ ಕಟ್ಟಡದವರ ಪರವಾಗಿ ಅವರು ಬಾಯಿ ತೆರೆದದ್ದು ಅದೇ ಮೊದಲು. "ಆರು ವರ್ಷದಿಂದ ನನ್ನ ಪ್ಯಾಂಟು ಇಸ್ತ್ರಿ ಮಾಡಿ ಇದೇ ಮನೆ ಬಾಗಿಲಲ್ಲಿ ಕೊಡ್ತಿದ್ದೋರು ಇವರು. ಹಗಲೂ ರಾತ್ರಿ ಜೊತೆಗಿದ್ದು ಅಕ್ಕನ್ನ ಮಗು ಥರ ನೋಡ್ಕೊಂಡ್ರು ಸಾರ್. ಬೇಕಾದ್ರೆ ನಾನು ಸಹಿ ಹಾಕಿ ಕೊಡ್ತೀನಿ. ಇಂಥೋರಿಗೆ ಕೊಡ್ಬೇಕು ಮನೆ!"

ಟೈಲರಮ್ಮ ಬಾಗಿಲಿನಿಂದಲೇ ಹೊರಟಳು. ಎರಡು ಮಹಡಿ ಇಳಿಯುವವರೆಗೂ ಮೇಲ್ವಿಚಾರಕ ಒಂದು ತುದಿಗೆ ಹೆಗಲು ಕೊಟ್ಟ. ಆಮೇಲೆ ಕೈ ತೊಳೆದುಕೊಂಡು ಕಚೇರಿಗೆ ಹೋದ.

ಸಂಜೆ ಮನೆಗೆ ಬೀಗ ಬಿತ್ತು. ತಂಗಿಯ ಹೆಸರು ಸರದಿಯಿಂದ ಹೋಯಿತು.