ಬು ವೆನಿಂಗ್ ಪಮಿತ್ ಹೇಳಿದ್ದು

ನಮ್ಮ ಸುರಬಾಯಾ ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ಯಾರ ಖಾತೆ ತೆರೆಯಬೇಕು, ಯಾರದು ಮುಚ್ಚಬೇಕು ಎಂಬ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ತೆರೆಯುವುದು ಅಪರೂಪ. ಮುಚ್ಚುವುದೇ ಹೆಚ್ಚು. ಸಾಕಾಗಿ ಹೋಗಿದೆ ನನಗೆ.

ಅವತ್ತು ನಾವೆಲ್ಲ ಬು, ಅಂದರೆ ಅಮ್ಮ, ಎಂದು ಕರೆಯುವ ವೆನಿಂಗ್ ಅವರಿಗೆ ಆಫೀಸಿನಲ್ಲಿ ಕೊನೆಯ ದಿನ. ಹಡಗಿಗೆ ಸರಕು ಕಳಿಸುವ ವಿಭಾಗದಲ್ಲೇ ಕೂದಲು ನರೆಸಿಕೊಂಡ ಹೆಂಗಸು. ಜನ ಜಾಸ್ತಿಯಾದರು ಎಂದು ಕಂಪನಿ ಮನೆಗೆ ಕಳಿಸುತ್ತಿತ್ತು. ಬೆಳಗ್ಗೆಯಿಂದ ಅವರು ಎಲ್ಲ ಶಾಖೆಗಳವರೂ ಇರುವ ಆಫೀಸಿನ ಚಾಟ್ ಗ್ರೂಪಿಗೆ ಪಮಿತ್, ಅಂದರೆ ವಿದಾಯದ ಮಾತು, ಬರೆಯುತ್ತ ಕೂತಿದ್ದರು. ನಮ್ಮಲ್ಲಿ ಯಾರೂ ಕೆಲಸ ಬಿಟ್ಟು ಸುಮ್ಮನೆ ಎದ್ದು ಹೋಗುವುದಿಲ್ಲ. ಪಮಿತ್ ಹೇಳಿ, ತಪ್ಪಾಗಿದ್ದರೆ ಕ್ಷಮಿಸಿ ಎಂದು ಎಲ್ಲರನ್ನೂ ಕೇಳಿಯೇ ಹೋಗುವುದು. ಅವರು ಕೇಳಲೇಬೇಕಾದವರಂತೂ ಒಬ್ಬರಿದ್ದರು, ಮಕಸ್ಸರ್ ಶಾಖೆಯ ರುಸ್ಲಿ. ಕಾಣೆಯಾದ ಒಂದು ಕಂಟೇನರಿಗಾಗಿ ಆ ಮನುಷ್ಯನನ್ನು ಗ್ರೂಪಿನಲ್ಲೇ ಕಳ್ಳ ಎಂದುಬಿಟ್ಟಿದ್ದರು. ಕಂಟೇನರ್ ಆಮೇಲೆ ನಮ್ಮ ಬಂದರಿನಲ್ಲೇ ಸಿಕ್ಕಿತು. ಅಂದಿನಿಂದ ಬು ವೆನಿಂಗ್ ಫೋನ್ ಮಾಡಿದರೆ ರುಸ್ಲಿ ಎತ್ತಿದ್ದಿಲ್ಲ.

"ಮರ್ಯಾದೆ ಕಳೆದದ್ದು ನಾಲ್ಕು ಜನರ ಎದುರು. ಕ್ಷಮೆ ಕೇಳೋದೂ ಅಲ್ಲೇ ಆಗ್ಬೇಕು ಕಣೇ ಟುಟಿಕ್," ಎಂದು ನನ್ನ ಹತ್ತಿರ ಹೇಳುತ್ತಿದ್ದರು.

ಮಧ್ಯಾಹ್ನ ಮ್ಯಾನೇಜರ್ ಸುಗೆಂಗ್ ನನ್ನ ಮೇಜಿಗೆ ಬಂದರು. "ವೆನಿಂಗ್ ಖಾತೆ ಈಗಲೇ ಮುಚ್ಚು."

"ಸಂಜೆವರೆಗೂ ಇರ್ಲಿ ಬಪಾಕ್, ಪಮಿತ್ ಬರೀತಿದಾರೆ."

"ಆ ಬಾಯಿ ನಂಗೊತ್ತಿಲ್ವಾ? ಕಂಪನಿ ಮಾನ ಹರಾಜು ಹಾಕ್ತಾಳೆ. ಖಾತೆ ಅವಳಪ್ಪಂದಲ್ಲ, ಕಂಪನೀದು. ಪಾಸ್‌ವರ್ಡ್ ಬದಲಾಯಿಸು, ಯಾವಾಗಿನ ಹಾಗೆ ಅವಳ ಹೆಸರಲ್ಲಿ ಎರಡು ಸಾಲು ಹಾಕು, ಮುಚ್ಚು."

ಯಾವಾಗಿನ ಹಾಗೆ! ಹೋದವರೆಲ್ಲರ ಹೆಸರಿನಲ್ಲೂ 'ಸಂತೋಷದಿಂದ ಹೊರಡುತ್ತಿದ್ದೇನೆ' ಎಂದು ಬರೆಯುತ್ತಿದ್ದವಳು ನಾನೇ. ಬೇಡ ಎನ್ನಲು ನನಗೆ ಇನ್ನೊಂದು ಕೆಲಸ ಎಲ್ಲಿದೆ? ಪಾಸ್‌ವರ್ಡ್ ಬದಲಾಯಿಸಿದೆ.

ಗಳಿಗೆ ಕಳೆಯುವುದರೊಳಗೆ ಬು ವೆನಿಂಗ್ ಎದುರಿಗೆ ನಿಂತಿದ್ದರು. "ಏನೇ ಇದು, ರುಸ್ಲಿ ಹೆಸರು ಬರೆಯೋಷ್ಟರಲ್ಲಿ ಹೊರಗೆ ದಬ್ಬಿಬಿಡ್ತು?"

"ನಾನೇ ಮಾಡಿದ್ದು, ಬು. ಮೇಲಿನವರ ಅಪ್ಪಣೆ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ನಿನ್ನ ಹತ್ರ ನನ್ನ ಖಾತೆ ತೆರೆದೇ ಇದೆಯಲ್ಲ. ನಾನು ಹೇಳ್ತೀನಿ, ನೀನು ಟೈಪ್ ಹೊಡಿ."

ಸುಗೆಂಗ್ ಊಟಕ್ಕೆ ಹೋಗಿದ್ದರು. ಆದದ್ದಾಗಲಿ ಎಂದು ಬು ವೆನಿಂಗ್ ಹೇಳಿದಂತೆ ಬರೆದೆ. 'ರುಸ್ಲಿಯವರೇ, ನಿಮ್ಮನ್ನು ಕಳ್ಳ ಎಂದದ್ದು ನನ್ನ ತಪ್ಪು. ಎಲ್ಲರ ಎದುರು ಕ್ಷಮೆ ಕೇಳುತ್ತಿದ್ದೇನೆ.' ಕಳಿಸುವಾಗ ನನಗೆ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ.

ಕೈಮುಗಿದ ಚಿತ್ರಗಳು ಒಂದರ ಮೇಲೊಂದು ಬಂದವು. ಆಮೇಲೆ ರುಸ್ಲಿ ಬರೆಯುತ್ತಿದ್ದಾರೆ ಎಂದು ತೋರಿಸಿತು. ಇಬ್ಬರೂ ಪರದೆಯತ್ತ ಬಾಗಿದೆವು.

'ಇದು ಬು ವೆನಿಂಗ್ ಬರೆದದ್ದಲ್ಲ. ಹೋದವರ ಹೆಸರಿನಲ್ಲಿ ಆಫೀಸೇ ಬರೆಯುವುದು ಎಲ್ಲರಿಗೂ ಗೊತ್ತು. ಅವರೇ ಎಲ್ಲರೆದುರು ಕೇಳಿದ್ದರೆ ಎಂದೋ ಕ್ಷಮಿಸುತ್ತಿದ್ದೆ.'

"ಅಯ್ಯೋ ದೇವರೇ! ಇರಿ, ಹೇಳ್ತೀನಿ ಅವರಿಗೆ," ಎಂದು ಗಡಿಬಿಡಿಯಲ್ಲಿ ಹೊಡೆದೆ: 'ನಾನೇ, ವೆನಿಂಗೇ ಬರೆಯುತ್ತಿರುವುದು. ನಂಬಿ.'

ತಕ್ಷಣ ಉತ್ತರ ಬಂತು. 'ಸಾಕು ಮಾಡು, ಟುಟಿಕ್.'

ಬು ವೆನಿಂಗ್ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಲ್ಲಿ ಒರೆಸಿಕೊಂಡರು.

"ಅವನದೇನು ತಪ್ಪು? ಅಲ್ಲಿರೋದು ನಾನಲ್ವಲ್ಲ," ಎಂದರು. "ಮುಚ್ಚಿಬಿಡು."

ಮುಚ್ಚಿದೆ.