ಅಕ್ಕನ ಮೊಸರುಗಡಿಗೆ

ಕಾಂತರಾಜು ತಲೆಯ ಮೇಲಿನ ಮಡಕೆ ತುಂಬಿದ ಮಂಕರಿಯನ್ನು ತಿಪ್ಪೆಯ ಅಂಚಿಗೆ ಇಳಿಸುವ ಮೊದಲೇ ನಂಜಮ್ಮ ಹೊಂಗೆಮರದ ಬುಡದಿಂದ ಎದ್ದು ನಿಂತಿದ್ದಳು. ಕಂಕುಳಲ್ಲಿ ಬಟ್ಟೆಯ ಬ್ಯಾಗು. ಅದರೊಳಗೆ ಮಡಕೆ ಸುತ್ತಲೆಂದು ತಂದ ಹಳೆಯ ನೂಲಿನ ಸೀರೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಇಲ್ಲಿ ಕುಂತಿದ್ದೀಯಾ ಚಿಕ್ಕವ್ವ? ಅಲ್ಲಿ ಎಡೆ ಇಕ್ಕಾಯ್ತು. ನೆಂಟ್ರೆಲ್ಲ ನಿನ್ನೇ ಕೇಳ್ತಾವ್ರೆ."

"ಎಡೆ ಉಣ್ಣೋಕೆ ನಮ್ಮಕ್ಕ ಅವಳೆ. ನೀನು ಮೆಲ್ಲಗೆ ಇಳ್ಸು. ಒಡೀಬ್ಯಾಡ."

"ಒಡೀಲೇಬೇಕು ಕಣವ್ವ. ಸೂತಕದ ಮಡ್ಕೆ."

"ನಾನು ನೋಡಾದ್ಮೇಲೆ ಒಡಿಯಂತೆ."

ಅವಳ ಅಕ್ಕ, ಕಾಂತರಾಜುವಿನ ತಾಯಿ ದೊಡ್ಡತಾಯಮ್ಮ ತೀರಿಕೊಂಡು ಅಂದಿಗೆ ಹನ್ನೊಂದನೆಯ ದಿನ. ಸಾವಾದ ಮನೆಯ ಒಲೆಮನೆಯಲ್ಲಿದ್ದ ಮಣ್ಣಿನ ಪಾತ್ರೆಗಳನ್ನು ತಿಥಿಯ ದಿನ ಹೊರಗೆ ಹಾಕುವುದು ಹರದನಹಳ್ಳಿಯಲ್ಲಿ ನಡೆದುಕೊಂಡು ಬಂದದ್ದು. ಹಾಗೆ ಹೊರಬಿದ್ದದ್ದನ್ನು ಯಾರೂ ಮುಟ್ಟುವುದಿಲ್ಲ. ನಂಜಮ್ಮ ಮುಟ್ಟುತ್ತಿದ್ದಳು. ಹೊಳೆನರಸೀಪುರದ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದ ಮೇಲೆ ಹಿಡಿದ ಹುಚ್ಚು ಇದು. ಮನೆಯ ಹಿಂದಿನ ಕೋಣೆಗೆ ಹಲಗೆ ಹೊಡೆಸಿ ಸಾಲಾಗಿ ಜೋಡಿಸಿಟ್ಟಿದ್ದಳು: ಅರಕಲಗೂಡು ಕಡೆಯ ಅಗಲ ಬಾಯಿಯ ಮೀನುಸಾರಿನ ಮಡಕೆ, ಸಾಲಗಾಮೆಯ ರೊಟ್ಟಿ ಓಡು, ಚನ್ನರಾಯಪಟ್ಟಣದ ಸಂತೆಯಲ್ಲಿ ಯಾರೋ ಯಾವಾಗಲೋ ಕೊಂಡಿದ್ದ ಉಪ್ಪಿನಕಾಯಿ ಜಾಡಿ. ಬುಡದ ಮಸಿ ನೋಡಿ ಇದು ತೆಂಗಿನಗರಿ ಉರಿಸಿದ ಮನೆ ಎನ್ನುವಳು. ಅಂಚಿನ ಸವೆತ ನೋಡಿ ಈ ಮನೆಯವಳು ಎಡಗೈಲಿ ಸೌಟು ಹಿಡಿಯುತ್ತಿದ್ದಳು ಎನ್ನುವಳು. ತಿಥಿಯೂಟಕ್ಕೆ ಅವಳು ಬಂದದ್ದು ಕಂಡರೆ ಸಾಕು, "ಮಡ್ಕೆ ನಂಜವ್ವ ಬಂದ್ಲು, ಒಲೆ ಮ್ಯಾಲಿರಾದ್ನ ಜ್ವಾಪಾನ ಮಾಡ್ಕಳ್ಳಿ," ಎಂದು ಹೆಂಗಸರು ನಗುತ್ತಿದ್ದರು.

ನಡುವಿನ ಹಲಗೆಯಲ್ಲಿ ಒಂದು ಜಾಗ ಮಾತ್ರ ಖಾಲಿ. ಅದು ಅವ್ವನ ಮೊಸರುಗಡಿಗೆಗೆ. ಅವ್ವ ಅದನ್ನು ಹಿರಿಮಗಳ ಮದುವೆಯಲ್ಲಿ ಅವಳ ಮಡಿಲಿಗೆ ಕೊಟ್ಟಿದ್ದಳು. ನಂಜಮ್ಮ ಕೇಳಿದಾಗಲೆಲ್ಲ ಅಕ್ಕ, "ನಾನು ಸಾಯಗಂಟ ತಡ್ಕಳಮ್ಮಿ. ಆಮ್ಯಾಕೆ ತಿಪ್ಪೆಗೆ ಬೀಳಾದು ನಿನ್ ಮಡ್ಲಿಗೇ ಬೀಳ್ಲಿ," ಎನ್ನುತ್ತಿದ್ದಳು. ಸೊಸೆ, ಕಾಂತರಾಜುವಿನ ಹೆಂಡತಿ ರೂಪಶ್ರೀಯ ಎದುರಿಗೇ ಅಂದಿದ್ದಳು.

ಮಂಕರಿಯಲ್ಲಿ ಮುದ್ದೆಯ ಮಡಕೆ ಇತ್ತು, ಉಪ್ಪಿನ ಕುಡಿಕೆ ಇತ್ತು, ಸಾರಿನ ಮಡಕೆಗಳಿದ್ದವು. ನಂಜಮ್ಮ ಒಂದೊಂದನ್ನೂ ಸರಿಸಿ ತಳ ಕಾಣುವತನಕ ನೋಡಿದಳು.

"ಗಡಿಗೆ ಎಲ್ಲೋ ಕಾಂತ?"

"ನಂಗೇನ್ ಗೊತ್ತು. ಅವ್ಳು ತುಂಬ್ಕೊಟ್ಟಿದ್ದ ಒತ್ಕಬಂದೆ. ಇವ್ಯಾವೂ ಬ್ಯಾಡ್ವಾ?"

ನಂಜಮ್ಮ ಹಿತ್ತಿಲ ಕಡೆಗೆ ನಡೆದಳು.

ಊಟದ ಗದ್ದಲವೆಲ್ಲ ಅಂಗಳದ ಶಾಮಿಯಾನದಲ್ಲಿತ್ತು. ಒಲೆಮನೆ ಸಾರಿಸಿಕೊಂಡು ಬರಿದಾಗಿತ್ತು. ಮೂಲೆಯಲ್ಲಿ, ಹುಲ್ಲಿನ ಸಿಂಬಿಯ ಮೇಲೆ, ಮುಚ್ಚಳ ಮುಚ್ಚಿಕೊಂಡು ಗಡಿಗೆ ಕೂತಿತ್ತು. ಅದರ ಪಕ್ಕ ರೂಪಶ್ರೀ ನಿಂತಿದ್ದಳು.

"ಉಂಡ್ರಾ ಚಿಕ್ಕತ್ತೆ?"

"ಇದು ಇಲ್ಲೆಂಗೈತೆ?"

"ಅತ್ತೆ ಓದ ದಿನ ಇದು ಕೊಟ್ಟಿಗೇಲಿತ್ತು. ಒಲೆಮನೇಲಿರ್ಲಿಲ್ಲ. ಅದ್ಕೇ ಸೂತ್ಕ ತಟ್ಲಿಲ್ಲ."

"ಕೊಟ್ಟಿಗೇಲಿ ಮೊಸರುಗಡಿಗೆಗೆ ಏನೇ ಕೆಲ್ಸ?"

"ಮಾವ ತೀರೋದಾಗ ಅತ್ತೆ ಇಟ್ಟಿದ್ದೂ ಅಲ್ಲೇಯ."

ಭಾವ ಸತ್ತಾಗ ಈ ಗಡಿಗೆ ಹೇಗೆ ಉಳಿಯಿತೆಂದು ನಂಜಮ್ಮ ಒಮ್ಮೆಯೂ ಕೇಳಿರಲಿಲ್ಲ. ಊರೂರಿನ ಮಡಕೆಯ ಕತೆ ಕೇಳಿದವಳು ಇದೊಂದನ್ನು ಬಿಟ್ಟಿದ್ದಳು.

"ನಿಮ್ಮತ್ತೆ ಆಡಿದ ಮಾತು ನೀನೂ ಕೇಳಿದ್ದೀಯ," ಎಂದಳು.

"ಕೇಳಿವ್ನಿ. ನಾನೇನ್ ಇಲ್ಲ ಅನ್ನಕಿಲ್ಲ. ಗಡಿಗೆ ನಿಮ್ದೇಯ." ರೂಪಶ್ರೀ ಸೆರಗಿಗೆ ಕೈ ಒರೆಸಿಕೊಂಡಳು. "ಆದ್ರೆ ಈಗ್ತಾನೆ ಎಪ್ಪಾಕ್ಬುಟ್ಟೆ."

ನಂಜಮ್ಮ ಬಗ್ಗಿ ಗಡಿಗೆಯ ಹೊಟ್ಟೆಗೆ ಅಂಗೈ ಇಟ್ಟಳು. ಒಳಗಿನ ಹಾಲಿನ ಬಿಸುಪು ಕೈಗೆ ಬಂತು. ಒಲೆಯ ಮೇಲೆ ಹಾಲು ಕಾಯಿಸಿದ ಪಾತ್ರೆ, ಪಕ್ಕದಲ್ಲಿ ಯಾರದೋ ಮನೆಯಿಂದ ಹೆಪ್ಪು ತಂದ ಸ್ಟೀಲ್ ಲೋಟ, ಎರಡೂ ತೊಳೆದಿರಲಿಲ್ಲ. ಹೆಪ್ಪು ಹಾಕಿದ ಗಡಿಗೆಯನ್ನು ಅಲುಗಿಸಿದರೆ ಮೊಸರು ಒಡೆದು ನೀರಾಗುತ್ತದೆ. ಅವ್ವನಂತೂ ಅದರ ಪಕ್ಕ ಧಡಧಡ ನಡೆದರೂ ಬಯ್ಯುತ್ತಿದ್ದಳು. ತಿಪ್ಪೆಯ ಹತ್ತಿರ ತಾನು ಕಾದು ಕೂತದ್ದು ಹಿತ್ತಿಲ ಬಾಗಿಲಿಂದ ರೂಪಶ್ರೀಗೆ ಕಂಡಿರಬೇಕು ಎಂಬುದು ನಂಜಮ್ಮನಿಗೆ ಈಗ ಹೊಳೆಯಿತು.

"ಅಂಗಾರೆ ನಾಳೆ ಬರ್ಲಾ?"

"ಬನ್ನಿ ಚಿಕ್ಕತ್ತೆ. ಬೇಡ ಅನ್ನೋಕಾಯ್ತದಾ? ನಮ್ ಅಸ ನಾಳಿಕೂ ಆಲು ಕೊಡ್ತದೆ."

ನಂಜಮ್ಮ ಅವಳ ಮುಖವನ್ನೇ ನೋಡಿದಳು. "ಕಿಲಾಡಿ ಕಣೇ ನೀನು. ನಮ್ಮಕ್ಕ ಸರ್ಯಾಗೇ ಪಳಗ್ಸವ್ಳೆ."

ರೂಪಶ್ರೀ ನಗಲಿಲ್ಲ. "ನಾನು ಬಂದೊಸ್ದ್ರಲ್ಲಿ ಅತ್ತೆ ಬೀರು ಬೀಗದ್ಕೈ ನಂಗೆ ಕೊಟ್ಟೋರಲ್ಲ. ಕೊನೇಗಂಟ್ಲೂ ಕೊಡ್ಲಿಲ್ಲ. ಬಂದ ಮಾರ್ನೇ ದಿನ ಇದ್ನ ಮುಂದಿಟ್ಟು, ಎಪ್ಪಾಕು ಅಂದ್ರು."

ಅಂಗಳದಿಂದ ಯಾರೋ ಪಾಯಸ ಸಾಲದೆಂದು ಕೂಗಿದರು. ಇಬ್ಬರೂ ಅಲ್ಲಾಡಲಿಲ್ಲ. ಹಿತ್ತಿಲ ಬಾಗಿಲಿಂದ ಪುಷ್ಯದ ಗಾಳಿ ನೆಲದ ಮೇಲೇ ಹರಿದು ಬಂದು ಕಾಲಿಗೆ ಕೊರೆಯಿತು.

"ಈ ಚಳೀಲಿ ಬರೀ ಮುಚ್ಚಳ ಮುಚ್ಚಿದ್ರೆ ಮೊಸ್ರು ಕಟ್ತದೇನೇ?" ಎಂದಳು ನಂಜಮ್ಮ.

ಬ್ಯಾಗಿನಿಂದ ನೂಲಿನ ಸೀರೆ ತೆಗೆದು, ಉದ್ದಕ್ಕೆ ಮಡಿಸಿಕೊಂಡು, ನೆಲಕ್ಕೆ ಕೂತಳು. ಗಡಿಗೆಯನ್ನು ಎತ್ತದೆ, ಸಿಂಬಿ ಸಮೇತ, ಸುತ್ತಲೂ ಎರಡು ಸುತ್ತು ಬಳಸಿ ತುದಿಯನ್ನು ಒಳಕ್ಕೆ ಸಿಕ್ಕಿಸಿದಳು. ಮುಚ್ಚಳದ ಹಿಡಿಯೊಂದು ಕಾಣುವಂತೆ ಉಳಿಯಿತು. ತಿಪ್ಪೆಯ ಕಡೆಯಿಂದ ಕಾಂತರಾಜು ಮಡಕೆಗಳನ್ನು ಒಡೆಯುವ ಸದ್ದು ಬರತೊಡಗಿತು.

ನಂಜಮ್ಮ ಗೋಡೆ ಹಿಡಿದು ಎದ್ದಳು. ಖಾಲಿ ಬ್ಯಾಗನ್ನು ಮಡಿಸಿ ಕಂಕುಳಿಗಿಟ್ಟುಕೊಂಡು ಹೊರಗೆ ಬಂದು, ಒಲೆಮನೆಯ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡಳು.