ಕುಡಿಯಲ್ಲ, ತಿಂತೀನಿ

ನಾನೊಂದು ಮಿಕ್ಸಿ ಜಾರು. ಮೂರು ಜಾರುಗಳಲ್ಲಿ ನಾನೇ ದೊಡ್ಡವನು. ಕಾರ್ಖಾನೆಯಲ್ಲಿ ಸ್ಟೀಲಿನ ತಗಡು ಬಾಗಿಸಿ ನನಗೆ ಹೊಟ್ಟೆ ಮಾಡಿದರು, ತಳದಲ್ಲಿ ಬ್ಲೇಡು ಕೂರಿಸಿದರು. ಹೇಮಾಳ ಮದುವೆಗೆ ಅವಳ ಸೋದರಮಾವ ಕೊಟ್ಟ ಉಡುಗೊರೆಯಾಗಿ ಹಾಸನದ ಈ ಮನೆಗೆ ಬಂದೆ.

ಹೇಮಾ ನನ್ನಲ್ಲಿ ತೆಂಗಿನಕಾಯಿ, ಹುರಿದ ಧನಿಯಾ, ಒಣಮೆಣಸಿನಕಾಯಿ ರುಬ್ಬುತ್ತಿದ್ದಳು. ಮೈ ಉರಿದರೂ ಮರ್ಯಾದೆಯ ಬದುಕು. ಅವಳ ಗಂಡ ನಂಜೇಶ ಮಾತ್ರ ಕುಡುಕ. ಒಂದು ದಿನ ಕುಡಿದು ಸ್ಕೂಟರ್ ಸಮೇತ ಚರಂಡಿಗೆ ಬಿದ್ದು ಬಂದ. ಹೇಮಾ ಬ್ಯಾಗು ತುಂಬಿಕೊಂಡು ತವರಿಗೆ ಹೊರಟು ನಿಂತಳು. ಆಗ ಅವನು ಐದು ವರ್ಷದ ಮಗಳು ಧನ್ವಿಯ ತಲೆ ಮೇಲೆ ಕೈಯಿಟ್ಟು, "ಮಗಳಾಣೆ, ಇನ್ಮೇಲೆ ಕುಡಿಯಲ್ಲ ಕಣೇ" ಎಂದ. ಹೇಮಾ ನಂಬಿ ಉಳಿದಳು.

ಎಂಟು ತಿಂಗಳು ಚೆನ್ನಾಗಿತ್ತು. ಆಮೇಲೆ ಯಾವ ಶನಿ ಹೆಗಲೇರಿತೋ, ಮೊಬೈಲಿನಲ್ಲಿ ಏನೋ ನೋಡಿ ಒಂದು ಬಾಟಲಿ ತಂದ. ಕ್ರೀಮ್ ಲಿಕ್ಕರ್ ಅಂತೆ. ಕೆನೆ, ಸಕ್ಕರೆ, ಅದರೊಳಗೆ ವಿಸ್ಕಿ! ಅದನ್ನು ನನ್ನ ಹೊಟ್ಟೆಗೆ ಸುರಿದು, ಐಸ್‌ಕ್ರೀಮ್ ಹಾಕಿ, ಎರಡು ಜಾಮೂನನ್ನು ಪಾಕದ ಸಮೇತ ಎಸೆದು ಗರ್ರೆನಿಸಿದ. ಥೂ! ಅಂಟು, ಜಿಡ್ಡು, ಕಮಟು ವಾಸನೆ. ನನಗೆ ವಾಂತಿ ಮಾಡಲು ಬಾಯಿದ್ದೂ ಬರುವುದಿಲ್ಲವಲ್ಲ, ಕರ್ಮ.

"ಏನ್ರೀ ಈ ನಾತ?" ಎಂದಳು ಹೇಮಾ.

"ಸ್ವೀಟು ಕಣೇ. ಚಮಚದಲ್ಲಿ ತಿನ್ನೋದು. ಕುಡಿಯಲ್ಲ ಅಂತ ಆಣೆ ಮಾಡಿದ್ದೆ, ತಿನ್ನಲ್ಲ ಅಂದಿದ್ನಾ?"

ನಾಚಿಕೆಗೆಟ್ಟವನು! ವಾರವಾರವೂ ಶುರುವಾಯಿತು. ಒಮ್ಮೆ ಮೈಸೂರುಪಾಕಿನ ಪುಡಿ, ಒಮ್ಮೆ ಗಸಗಸೆ ಪಾಯಸ. ಒಮ್ಮೆ ರುಚಿಗೆಂದು ನಿಂಬೆಹಣ್ಣು ಹಿಂಡಿದ. ಎಲ್ಲ ಒಡೆದು ಗಡ್ಡೆಗಡ್ಡೆಯಾಯಿತು. ಅದನ್ನೂ ಬಿಡದೆ ನನ್ನೊಳಗೆ ಬೆರಳು ಹಾಕಿ ಬಳಿದು ನೆಕ್ಕಿದ. ಛೀ! ಹೇಮಾ ಎಷ್ಟು ತಿಕ್ಕಿದರೂ ನನ್ನ ಮುಚ್ಚಳದ ರಬ್ಬರಿನಿಂದ ಆ ನಾತ ಹೋಗಲಿಲ್ಲ.

ಒಂದು ಭಾನುವಾರ ಹೇಮಾ ನೆಂಟರ ಮನೆಯ ನಾಮಕರಣಕ್ಕೆ ಹೋದಳು. ನಂಜೇಶ ಮೂರು ಕಪ್ಪು ಸ್ವೀಟು ಮಾಡಿ, ಒಂದನ್ನು ತಿಂದು, ಎರಡನ್ನು ಫ್ರಿಜ್ಜಿನಲ್ಲಿಟ್ಟು ಸೋಫಾದ ಮೇಲೆ ಗೊರಕೆ ಹೊಡೆದ. ಧನ್ವಿ ಸ್ಟೂಲು ಎಳೆದುಕೊಂಡು ಬಂದು ಫ್ರಿಜ್ಜು ತೆಗೆದಳು. ನಾನು ಅಡುಗೆಕಟ್ಟೆಯ ಮೇಲಿಂದ ನೋಡುತ್ತಲೇ ಇದ್ದೆ. ಎರಡೂ ಕಪ್ಪು ಖಾಲಿ.

ಹೇಮಾ ಬಂದಾಗ ಮಗು ವಾಂತಿಯ ನಡುವೆ ಬಟ್ಟೆಯ ಗಂಟಿನಂತೆ ಬಿದ್ದಿತ್ತು. ಅವಳು ಡಾಕ್ಟರಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟಳು.

"ಮಗು ಏನ್ ತಿಂತಮ್ಮಾ?" ಎಂದರು ಅವರು.

ಹೇಮಾ ಖಾಲಿ ಕಪ್ಪುಗಳನ್ನು ನೋಡಿದಳು, ಎದ್ದು ಬಂದು ನಿಂತಿದ್ದ ಗಂಡನನ್ನು ನೋಡಿದಳು.

"ತಿಂದಿಲ್ಲ ಸಾರ್," ಎಂದ ನಂಜೇಶ. "ಕುಡ್ದವ್ಳೆ."

ಮೂರನೇ ದಿನ ಧನ್ವಿ ಆಸ್ಪತ್ರೆಯಿಂದ ಬಂದಳು. ಪುಣ್ಯಕ್ಕೆ ಜೀವಕ್ಕೇನೂ ಆಗಿರಲಿಲ್ಲ. ಹೇಮಾ ನನ್ನನ್ನು ಎತ್ತಿಕೊಂಡು ಹಿತ್ತಲಿಗೆ ಎಸೆಯಲು ಹೊರಟಾಗ ಮಗು ಓಡಿಬಂದು ನನ್ನ ಹಿಡಿಕೆ ಹಿಡಿದಳು. "ಅಮ್ಮಾ, ಇದ್ರಲ್ಲಿ ಅಪ್ಪ ಮಾಡೋ ಸ್ವೀಟು ಇನ್ನೊಂದ್ಸಲ ಕೊಡ್ತಾರಾ?"

ನಂಜೇಶ ಬಾಗಿಲಲ್ಲೇ ನಿಂತಿದ್ದ. ಹೇಮಾ ಅವನತ್ತ ತಿರುಗಿಯೂ ನೋಡಲಿಲ್ಲ. ಸಂಜೆಯ ಬಸ್ಸಿಗೆ ಮಗಳನ್ನು ಕರೆದುಕೊಂಡು ತವರಿಗೆ ಹೋದಳು.

ನಾನೀಗ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿದ್ದೇನೆ. ಮುಚ್ಚಳವಿಲ್ಲ, ಬ್ಲೇಡಿಗೆ ತುಕ್ಕು. ಇಷ್ಟು ದಿನ ಅವನ ಮೇಲೆ ಹೇಸಿಗೆಪಟ್ಟೆ. ಈಗ ನನ್ನ ಮೇಲೂ ಹೇಸಿಗೆ. ಆ ಎರಡು ಕಪ್ಪನ್ನು ನುಣ್ಣಗೆ ರುಬ್ಬಿಕೊಟ್ಟವನು ನಾನೇ ತಾನೇ? ಹೊಟ್ಟೆ ತುಂಬ ನಂಜೇಶ ಬಟ್ಟೆ ಒಗೆಯಲು ಹಾಕಿಟ್ಟ ಸೋಪಿನ ಪುಡಿಯಿದೆ. ಮೂಗಿಗೆ ಹೊಡೆಯುವ ಘಾಟು. ಆದರೆ ಇದನ್ನು ಯಾವ ಮಗುವೂ ಎರಡನೇ ಸಲ ಕೇಳುವುದಿಲ್ಲ.